ಎಂಜಿನ್ನಿಗೂ ಹದದ ಬಿಸಿ ಬೇಕು

ಮಾರುತಿ 800ರ ಉತ್ಪಾದನೆ 2014ರ ಜನವರಿಯಲ್ಲಿ ನಿಂತಿತು, ಓಮ್ನಿಯದು 2019ರಲ್ಲಿ. ವಿಜಯಪುರ ಜಿಲ್ಲೆಯ ಇಂಡಿಯ ನಿಂಬೆ ಚೀಲಗಳಿಗಾಗಲಿ ಸಿಂದಗಿಯ ಸಂತೆಗಾಗಲಿ ಆ ಸುದ್ದಿ ಮುಟ್ಟಿದಂತೆ ಕಾಣುವುದಿಲ್ಲ. 796 ಸಿಸಿಯ ಆ ಮೂರು ಸಿಲಿಂಡರಿನ ಎಂಜಿನ್ನು, ಅದರಲ್ಲೂ ಕಾರ್ಬೊರೇಟರ್ ಕಾಲದ್ದು, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಇನ್ನೂ ದುಡಿಯುತ್ತಿದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದ ಕೂಡಲೇ ಗ್ಯಾರೇಜಿಗೆ ಎರಡು ದೂರು ಬರುತ್ತವೆ: ಗಾಡಿ ಹೀಟ್ ಆಗ್ತದ, ಸ್ಲೋದಾಗ ನಿಲ್ಲಂಗಿಲ್ಲ. ಎರಡಕ್ಕೂ ರೂಢಿಯ ಮದ್ದುಂಟು. ಮೊದಲನೆಯದಕ್ಕೆ ಥರ್ಮೋಸ್ಟ್ಯಾಟ್ ವಾಲ್ವ್ ಕಿತ್ತು ಎಸೆಯುವುದು, ಎರಡನೆಯದಕ್ಕೆ ಸ್ಲೋ ಸ್ಕ್ರೂ ಬಿಗಿದು ಎಂಜಿನ್ನಿನ ಸುತ್ತು ಏರಿಸುವುದು. ಈ ಎರಡು ದೂರುಗಳು ಬಹಳ ಸಲ ಒಂದೇ ರೋಗದ ಎರಡು ಲಕ್ಷಣ ಎಂಬುದು ನನ್ನ ವಾದ. ಬೇರೆ ಬೇರೆ ಮದ್ದು ಕೊಟ್ಟರೆ ಒಂದರ ಮದ್ದೇ ಇನ್ನೊಂದರ ರೋಗವನ್ನು ಹೆಚ್ಚಿಸುತ್ತದೆ.

ಪೆಟ್ರೋಲ್ ಉರಿದಾಗ ಹುಟ್ಟುವ ಶಕ್ತಿಯಲ್ಲಿ ಚಕ್ರ ತಿರುಗಿಸಲು ಸಿಗುವುದು ಹೆಚ್ಚೆಂದರೆ ಮೂರನೆಯ ಒಂದು ಪಾಲು. ಉಳಿದದ್ದು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ, ಇಲ್ಲವೇ ನೀರಿನ ಜೊತೆ ರೇಡಿಯೇಟರಿಗೆ ಬರುತ್ತದೆ. ಹಾಗೆಂದು ಎಂಜಿನ್ನು ಎಷ್ಟು ತಂಪಿದ್ದರೆ ಅಷ್ಟು ಒಳ್ಳೆಯದೆಂದು ತಿಳಿಯಬಾರದು. ಪೆಟ್ರೋಲ್ ಚೆನ್ನಾಗಿ ಆವಿಯಾಗಲು, ಆಯಿಲ್ ಹದವಾಗಿ ಹರಿಯಲು ಅದಕ್ಕೆ 80ರಿಂದ 95 ಡಿಗ್ರಿಯ ಬಿಸಿ ಬೇಕು. ಅದನ್ನು ಕಾಯುವುದೇ ಥರ್ಮೋಸ್ಟ್ಯಾಟಿನ ಕೆಲಸ. ಅದರೊಳಗೆ ಪುಟ್ಟ ಲೋಹದ ಡಬ್ಬಿಯಲ್ಲಿ ಮೇಣವಿರುತ್ತದೆ. ನೀರು ಸುಮಾರು 82 ಡಿಗ್ರಿಗೆ ಬಂದಾಗ ಮೇಣ ಕರಗಿ ಉಬ್ಬಿ ವಾಲ್ವ್ ತೆರೆಯುತ್ತದೆ, ತಣಿದರೆ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಇದನ್ನು ಕಿತ್ತರೆ ಚಳಿಗಾಲದ ಬೆಳಿಗ್ಗೆ ಎಂಜಿನ್ನು ಹತ್ತಾರು ಕಿಲೋಮೀಟರ್ ಓಡಿದರೂ ಹದಕ್ಕೆ ಬರುವುದಿಲ್ಲ. ಆವಿಯಾಗದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆಯುತ್ತದೆ, ಪ್ಲಗ್ ಕಪ್ಪಾಗುತ್ತದೆ, ಚೋಕ್ ಬಿಟ್ಟ ಕ್ಷಣ ಗಾಡಿ ಬಂದ್ ಆಗುತ್ತದೆ. ಕಾರ್ಬೊರೇಟರಿನ ಬದಲು ಕಂಪ್ಯೂಟರ್ ಪೆಟ್ರೋಲ್ ಅಳೆಯುವ ಎಂಪಿಎಫ್‌ಐ ಗಾಡಿಯಾದರೆ, ಎಂಜಿನ್ನಿನ್ನೂ ತಣ್ಣಗಿದೆ ಎಂಬ ಸೆನ್ಸರಿನ ಮಾತು ನಂಬಿ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಇದನ್ನು ಸ್ಲೋ ಸ್ಕ್ರೂ ತಿರುಗಿಸಿ ಸರಿಪಡಿಸಲಾಗದು.

ವಾಲ್ವ್ ತೆಗೆದ ಮೇಲೆ ಹೀಟ್ ಇಳಿದದ್ದು ನಿಜವಲ್ಲವೇ ಎಂದು ಅನುಭವಿ ಮಿಸ್ತ್ರಿಗಳು ಕೇಳುತ್ತಾರೆ. ಕೆಲವು ಗಾಡಿಗಳಲ್ಲಿ ನಿಜ. ತೆರೆದ ವಾಲ್ವೂ ನೀರಿನ ಹರಿವನ್ನು ತುಸು ತಡೆಯುತ್ತದೆ, ಅದು ಹೋದರೆ ಹರಿವು ಹೆಚ್ಚುತ್ತದೆ. ಆದರೆ ಸರಿಯಾಗಿರುವ ರೇಡಿಯೇಟರಿಗೆ ಆ ಹೆಚ್ಚಿನ ಹರಿವಿನ ಅಗತ್ಯವೇ ಇಲ್ಲ. ಅಗತ್ಯ ಬಿತ್ತೆಂದರೆ ರೇಡಿಯೇಟರ್ ಅರ್ಧ ಕಟ್ಟಿಕೊಂಡಿದೆ ಎಂದೇ ಅರ್ಥ, ಮುಂದಿನ ಬೇಸಿಗೆಗೆ ಗಾಡಿ ಮತ್ತೆ ಕುದಿಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ವಾಲ್ವ್ ತೆರೆದಾಗ ಬೈಪಾಸ್ ದಾರಿ ಮುಚ್ಚಿಕೊಳ್ಳುವ ಏರ್ಪಾಡಿದೆ. ಅಂಥವುಗಳಲ್ಲಿ ವಾಲ್ವ್ ಕಿತ್ತರೆ ಬಿಸಿನೀರಿನ ಒಂದು ಪಾಲು ರೇಡಿಯೇಟರನ್ನು ಮುಟ್ಟದೆ ಎಂಜಿನ್ನಿಗೇ ಮರಳುತ್ತದೆ, ಹೀಟ್ ಇಳಿಯುವ ಬದಲು ಏರುತ್ತದೆ. ವಾಲ್ವ್ ಕೆಟ್ಟಿದೆಯೋ ಇಲ್ಲವೋ ಎಂದು ನೋಡಲು ಒಂದು ಪಾತ್ರೆ ನೀರು, ಒಂದು ಸ್ಟವ್, ಒಂದು ಥರ್ಮಾಮೀಟರ್ ಸಾಕು: ಕಾಯುವ ನೀರಿನಲ್ಲಿ ತೂಗಬಿಟ್ಟರೆ ಅದರ ಮೇಲೆ ಕೊರೆದ ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಡಬೇಕು.

ರೇಡಿಯೇಟರ್ ಕಟ್ಟಿಕೊಳ್ಳುವುದೇಕೆ ಎಂದು ಹುಡುಕಿದರೆ ನಮ್ಮ ನೆಲದ ನೀರಿಗೇ ಬರಬೇಕು. ಡೋಣಿ ನದಿಯ ನೀರೇ ಉಪ್ಪು. ಸುತ್ತಲಿನ ಎಷ್ಟೋ ಬೋರುಗಳದ್ದು ಸವಳು ಇಲ್ಲವೇ ಗಡಸು ನೀರು. ತಾಳಿಕೋಟೆ, ಮುದ್ದೇಬಿಹಾಳದ ಕಡೆ ಸುಣ್ಣಕಲ್ಲಿನ ಪದರಗಳೂ ಇವೆ. ಇಂಥ ನೀರು ಕಾದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಲೋಹಕ್ಕೆ ಅಂಟುತ್ತದೆ. ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವ ಬಿಳಿ ಪದರ ಇದೇ. ಅಲ್ಯೂಮಿನಿಯಂಗೆ ಹೋಲಿಸಿದರೆ ಈ ಪದರ ಬಿಸಿಯನ್ನು ದಾಟಿಸುವುದು ನೂರನೆಯ ಒಂದು ಪಾಲಿನಷ್ಟು. ಕುದಿದು ನೀರು ಕಡಿಮೆಯಾದಾಗಲೆಲ್ಲ ದಾರಿಬದಿಯ ಬೋರಿನಿಂದ ತುಂಬಿಸಿದರೆ ಪ್ರತಿ ಸಲ ಹೊಸ ಸುಣ್ಣ ಒಳಸೇರುತ್ತದೆ. ಸವಳಿನಲ್ಲಿರುವ ಕ್ಲೋರೈಡ್ ಅಲ್ಯೂಮಿನಿಯಂ ಹೆಡ್ಡನ್ನು ತಿನ್ನುವುದು ಬೇರೆ.

ಕೂಲಂಟ್ ಹಾಕಿ ಎಂದರೆ ಒಂದು ಒಳ್ಳೆಯ ಆಕ್ಷೇಪ ಎದುರಾಗುತ್ತದೆ. ವಿಜಯಪುರದಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಮೇಲಾಗಿ ಬಿಸಿ ಹೊರುವುದರಲ್ಲಿ ಕೂಲಂಟಿನ ಗ್ಲೈಕಾಲ್‌ಗಿಂತ ಬರೀ ನೀರೇ ಮೇಲು. ಎರಡೂ ನಿಜ. ಆದರೆ ನಮಗೆ ಬೇಕಾದದ್ದು ಕೂಲಂಟಿನಲ್ಲಿರುವ ತುಕ್ಕುನಿರೋಧಕ. ಆದ್ದರಿಂದ ಚಳಿದೇಶದವರಂತೆ ಅರ್ಧಕ್ಕರ್ಧ ಬೆರೆಸಬೇಕಾಗಿಲ್ಲ, ಮೂರನೆಯ ಒಂದು ಪಾಲು ಕೂಲಂಟ್ ಸಾಕು. ಉಳಿದದ್ದು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆಗಿರಲಿ. ಈ ಗಾಡಿಗೆ ಹಿಡಿಸುವುದೇ ನಾಲ್ಕು ಲೀಟರಿನೊಳಗೆ, ಖರ್ಚಿನ ಮಾತು ಅಲ್ಲಿಗೆ ಮುಗಿಯುತ್ತದೆ. ರೇಡಿಯೇಟರಿನ ಮುಚ್ಚಳವನ್ನೂ ಹಗುರವಾಗಿ ನೋಡಬಾರದು. ಅದು ಕುಕ್ಕರಿನ ವೇಟಿನಂತೆ ಒಳಗೆ ಒತ್ತಡ ಹಿಡಿಯುತ್ತದೆ, ಸುಮಾರು 0.9 ಬಾರ್ ಒತ್ತಡದಲ್ಲಿ ಬರೀ ನೀರೂ 118 ಡಿಗ್ರಿಯವರೆಗೆ ಕುದಿಯುವುದಿಲ್ಲ. ರಬ್ಬರ್ ಸತ್ತ ಮುಚ್ಚಳವಿದ್ದರೆ ಬೇರೆಲ್ಲ ಸರಿಯಿದ್ದರೂ ನೀರು ನೂರರ ಒಳಗೇ ಕುದಿದು ಚೆಲ್ಲುತ್ತದೆ. ಬಿಸಿ ಎಂಜಿನ್ನಿನ ಮುಚ್ಚಳ ತೆಗೆದವರ ಮುಖ ಸುಡುವುದೂ ಇದೇ ಒತ್ತಡದಿಂದ.

ಎಲ್ಲಿ ಕೈ ಹಾಕಬೇಕು ಎಂಬುದನ್ನು ಗಾಡಿ ಯಾವಾಗ ಕುದಿಯುತ್ತದೆ ಎಂಬುದೇ ಹೇಳುತ್ತದೆ. ರೈಲ್ವೆ ಗೇಟಿನಲ್ಲಿ, ಸಂತೆಯ ಗದ್ದಲದಲ್ಲಿ ನಿಂತಾಗ ಮಾತ್ರ ಕುದಿದು, ಓಡತೊಡಗಿದರೆ ತಣಿಯುವ ಗಾಡಿಯಲ್ಲಿ ಫ್ಯಾನ್ ಕೆಟ್ಟಿದೆ: ಮೋಟಾರು, ಫ್ಯೂಸು, ಇಲ್ಲವೇ ಅದನ್ನು ಚಾಲೂ ಮಾಡುವ ಸ್ವಿಚ್ಚು. ನಿಂತಾಗ ಸರಿಯಿದ್ದು ಲೋಡಿನಲ್ಲಿ ಓಡುವಾಗ ಕುದಿದರೆ ರೇಡಿಯೇಟರ್ ಕಟ್ಟಿದೆ ಅಥವಾ ವಾಟರ್ ಪಂಪಿನ ಬೆಲ್ಟ್ ಜಾರುತ್ತಿದೆ. ಎರೆಯ ಧೂಳು ಜಾಲರಿಯಲ್ಲಿ ತುಂಬಿರುವುದನ್ನು ಹೊರಗಿನಿಂದಲೇ ನೋಡಬಹುದು.

ಈಗ ಎರಡನೆಯ ದೂರಿನ, ಅಂದರೆ ಐಡ್ಲಿಂಗಿನ ಕಡೆ. ಇಗ್ನಿಷನ್ನಿನ ಪಾಯಿಂಟ್ ಸವೆದು ಟೈಮಿಂಗ್ ಹಿಂದೆ ಬಿದ್ದರೆ ಪೆಟ್ರೋಲ್ ತಡವಾಗಿ ಉರಿಯುತ್ತದೆ. ಪಿಸ್ಟನ್ನನ್ನು ತಳ್ಳಬೇಕಾದ ಬಿಸಿ ಗೋಡೆಗೂ ಎಕ್ಸಾಸ್ಟಿಗೂ ಹೋಗುತ್ತದೆ. ಎಂಜಿನ್ನು ನಡುಗುತ್ತದೆ, ಜೊತೆಗೆ ಬಿಸಿಯೂ ಏರುತ್ತದೆ. ಇಲ್ಲಿ ಸ್ಕ್ರೂ ಬಿಗಿದು ಸುತ್ತು ಏರಿಸಿದರೆ ನಿಂತಲ್ಲೇ ಇನ್ನಷ್ಟು ಪೆಟ್ರೋಲ್ ಉರಿಸಿ ಇನ್ನಷ್ಟು ಬಿಸಿ ಹುಟ್ಟಿಸಿದಂತಾಯಿತು. ಬಾನೆಟ್ಟಿನೊಳಗಿನ ಬಿಸಿಗೂ ಐಡ್ಲಿಂಗಿಗೂ ನೇರ ನಂಟಿದೆ. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗತೊಡಗುತ್ತವೆ. ಕುದಿಯುವ ಗಾಡಿಯ ಕಾರ್ಬೊರೇಟರಿನಲ್ಲಿ ಅವು ಗುಳ್ಳೆಯೆದ್ದು ಮಿಶ್ರಣ ಕೆಡಿಸುತ್ತವೆ. ಹತ್ತು ನಿಮಿಷ ನಿಲ್ಲಿಸಿದ ಗಾಡಿ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುವುದು ಇದರಿಂದಲೇ. ಹೀಗಾಗಿ ಹೀಟಿನ ಕಾರಣ ಸರಿಪಡಿಸುವ ಮೊದಲು ಕಾರ್ಬೊರೇಟರ್ ಬಿಚ್ಚುವುದು ದಂಡದ ಕೆಲಸ.

ಎಲ್ಲ ಐಡ್ಲಿಂಗ್ ದೂರುಗಳೂ ಬಿಸಿಯಿಂದಲೇ ಬರುತ್ತವೆ ಎಂದರೆ ಅತಿಯಾದೀತು. ಕಾರ್ಬೊರೇಟರ್ ತಳದ ಗ್ಯಾಸ್ಕೆಟ್ ಸೀಳಿ ಗಾಳಿ ನುಗ್ಗಬಹುದು, ಜೆಟ್ಟಿನಲ್ಲಿ ಧೂಳು ಕೂತಿರಬಹುದು. 2025ರ ಹೊತ್ತಿಗೆ ಬಂಕಿಗೆ ಬಂದ ಶೇ 20 ಎಥೆನಾಲ್ ಬೆರೆತ ಪೆಟ್ರೋಲೂ ಲೆಕ್ಕಕ್ಕೆ ಬರುತ್ತದೆ. ಭೀಮೆಯ ದಂಡೆಯ ಕಬ್ಬಿಗೆ ಇದರಿಂದ ಬೇಡಿಕೆ ಬಂತು, ಹಳೆಯ ಕಾರ್ಬೊರೇಟರಿಗೆ ಮಾತ್ರ ಇದು ಹೊಸ ಫಜೀತಿ. ಒಂದು ಕಿಲೋ ಬರೀ ಪೆಟ್ರೋಲಿಗೆ 14.7 ಕಿಲೋ ಗಾಳಿ ಬೇಕಾದರೆ ಈ ಮಿಶ್ರಣಕ್ಕೆ ಸುಮಾರು 13.5 ಸಾಕು. ಕಂಪ್ಯೂಟರ್ ಇಲ್ಲದ ಗಾಡಿ ತಾನಾಗಿ ಹೊಂದಿಕೊಳ್ಳದು, ಪೆಟ್ರೋಲಿನ ಪಾಲು ಕಡಿಮೆ ಬಿದ್ದು ಸ್ಲೋದಲ್ಲಿ ತಡವರಿಸುತ್ತದೆ. ಇಂಥಲ್ಲಿ ಮಿಕ್ಸ್ಚರ್ ಸ್ಕ್ರೂ ತುಸು ತಿರುಗಿಸುವುದು ಸರಿಯಾದ ಮದ್ದು, ಆದರೆ ಅದು ಎಂಜಿನ್ನು ಹದದ ಬಿಸಿಗೆ ಬಂದ ಮೇಲೆ, ವಾಲ್ವ್ ತನ್ನ ಜಾಗದಲ್ಲಿರುವಾಗ. ಸ್ಟಾರ್ಟ್ ಮಾಡಿದ ಕೂಡಲೇ ರೇಡಿಯೇಟರಿನಲ್ಲಿ ಬಿಡದೆ ಗುಳ್ಳೆ ಬರುತ್ತಿದ್ದರೆ, ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ಯಾವ ಸ್ಕ್ರೂವನ್ನೂ ಮುಟ್ಟಬೇಕಾಗಿಲ್ಲ. ಅದು ಹೆಡ್ ಗ್ಯಾಸ್ಕೆಟ್. ಹೆಡ್ ಸೊಟ್ಟಗಾಗಿದೆಯೇ ಎಂದು ಲೇತಿನಲ್ಲಿ ನೋಡಿಸುವವರೆಗೆ ಗಾಡಿಯನ್ನು ಒಂದು ಮೈಲಿಯೂ ಓಡಿಸಬಾರದು.