ಬೊಂಡ ಬಿದ್ದ ಡಾಲ್ಫಿನ್‌ಗೆ ಹೊಸ ಗಾಜು

ಶಿರಾಡಿ ಘಾಟಿ ಇಳಿದು ಗುಂಡ್ಯ, ನೆಲ್ಯಾಡಿ ದಾಟುವಾಗ ಎದುರಿನ ಟಿಪ್ಪರ್‌ನಿಂದ ಒಂದು ಜಲ್ಲಿಕಲ್ಲು ಹಾರಿ ಬಂದು 'ಟಕ್' ಅಂದ ಸದ್ದು ಬೆಂಗಳೂರಿನಿಂದ ಊರಿಗೆ ಬರುವ ನಮ್ಮಂಥವರಿಗೆಲ್ಲ ಪರಿಚಿತ. ಮೊದಲು ಗಾಜಿನಲ್ಲಿ ಸಾಸಿವೆ ಕಾಳಿನಷ್ಟು ಚುಕ್ಕಿ. ಮಧ್ಯಾಹ್ನದ ಬಿಸಿಲಿಗೆ ಕಾರು ನಿಲ್ಲಿಸಿ, ಆಮೇಲೆ ಎಸಿ ಜೋರಾಗಿ ಹಾಕಿದರೆ ಅದೇ ಚುಕ್ಕಿ ಗೆರೆಯಾಗಿ ಅಡ್ಡಕ್ಕೆ ಓಡುತ್ತದೆ. ಸ್ವಿಫ್ಟೋ ಐ20ಯೋ ಆದರೆ ತಲೆಬಿಸಿ ಇಲ್ಲ. ಪುತ್ತೂರಿನಲ್ಲೇ ಹಾಕಿಸಬಹುದು, ಇಲ್ಲವಾದರೆ ಮಂಗಳೂರಿನಿಂದ ಮರುದಿನ ಗಾಜು ಬರುತ್ತದೆ. ಆದರೆ ಇಡೀ ರಾಜ್ಯದಲ್ಲಿ ಕೈಬೆರಳೆಣಿಕೆಯಷ್ಟು ಕಣ್ಣಿಗೆ ಬೀಳುವ ಕಾರಿಗೆ ಹೀಗಾದರೆ?

ಕಡಬದ ನನ್ನ ಸೋದರಮಾವನ ಹತ್ತಿರ ಅಂಥದ್ದೊಂದು ಉಂಟು. ಸಿಪಾನಿ ಡಾಲ್ಫಿನ್. ನಮ್ಮ ವಯಸ್ಸಿನವರಿಗೆ ಈ ಹೆಸರು ಗೊತ್ತಿರುವ ಸಾಧ್ಯತೆ ಕಡಿಮೆ, ಹಾಗಾಗಿ ಸ್ವಲ್ಪ ಹೇಳಬೇಕು. 1980ರ ದಶಕದ ಆರಂಭದಲ್ಲಿ, ಮಾರುತಿ 800 ಇನ್ನೂ ಬಂದಿರದ ಕಾಲದಲ್ಲಿ, ಬೆಂಗಳೂರಿನಲ್ಲೇ ತಯಾರಾಗುತ್ತಿದ್ದ ಎರಡು ಬಾಗಿಲಿನ ಪುಟ್ಟ ಕಾರು ಅದು. ಮೂಲ ವಿನ್ಯಾಸ ಇಂಗ್ಲೆಂಡಿನ ರಿಲಯಂಟ್ ಕಂಪನಿಯ 'ಕಿಟನ್' ಎಂಬ ಕಾರಿನದ್ದು. (ಮಿಸ್ಟರ್ ಬೀನ್‌ನಲ್ಲಿ ಪದೇ ಪದೇ ಮಗುಚಿ ಬೀಳುವ ನೀಲಿ ಬಣ್ಣದ ಮೂರು ಚಕ್ರದ ಗಾಡಿ ಉಂಟಲ್ಲ, ಅದೂ ಇದೇ ರಿಲಯಂಟ್‌ನದ್ದು.) ಚಾಸಿಸ್ ಉಕ್ಕಿನದ್ದು, ಮೈ ಮಾತ್ರ ಪೂರ್ತಿ ಫೈಬರ್. 848 ಸಿಸಿ ಎಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ. ತೂಕವೇ ಇಲ್ಲದ್ದರಿಂದ ಅಂಬಾಸಿಡರ್, ಫಿಯೆಟ್ ಕಾಲದಲ್ಲಿ ಇದು ಚುರುಕಿನ ಗಾಡಿ. ರ‍್ಯಾಲಿ, ರೇಸ್ ಮಾಡುವವರು ಇಷ್ಟಪಟ್ಟು ಓಡಿಸಿದರು. 1983ರ ಕೊನೆಗೆ ಮಾರುತಿ ಬಂತು, ಡಾಲ್ಫಿನ್ ಕಥೆ ಅಲ್ಲಿಂದ ಇಳಿಮುಖ. ನಮ್ಮಲ್ಲಿ ಫೆರಾರಿ ತಯಾರಾಗಲಿಲ್ಲ, ನಿಜ. ಆದರೆ ಕನ್ನಡನಾಡಿಗೆ ಅಂತ ಒಂದು ಅಪರೂಪದ ರೇಸಿನ ಕಾರು ಹೇಳಿ ಅಂದರೆ ನಾನು ಇದನ್ನೇ ಹೇಳುವುದು.

ಮಾವ ನಿವೃತ್ತ ಹೈಸ್ಕೂಲ್ ಮಾಸ್ಟ್ರು. 1993ರಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ತಂದದ್ದು. ಅತ್ತೆ ತೀರಿಹೋದ ಮೇಲೆ ತಿಂಗಳಿಗೊಮ್ಮೆ ಸುಬ್ರಹ್ಮಣ್ಯಕ್ಕೆ ಇದರಲ್ಲೇ ಹೋಗಿ ಬರುತ್ತಾರೆ. ಬೇರೆ ಕಾರು ಮಕ್ಕಳು ತೆಗೆದುಕೊಟ್ಟರೂ ಅದು ಶೆಡ್ಡಿನಲ್ಲಿ ಹೊದಿಕೆ ಹೊದ್ದುಕೊಂಡಿದೆ.

2024ರ ಮಾರ್ಚ್‌ನಲ್ಲಿ ತೋಟದ ಬದಿ ನಿಲ್ಲಿಸಿದ್ದ ಡಾಲ್ಫಿನ್ ಮೇಲೆ ಮಂಗವೊಂದು ಬೊಂಡ ಕಿತ್ತು ಹಾಕಿತು. ಎದುರಿನ ಗಾಜು ಪೂರ್ತಿ ಪುಡಿ. ಮೇ ಕೊನೆಗೆ ಆರ್‌ಸಿ ಅವಧಿ ಮುಗಿಯುವುದಿತ್ತು. ಹದಿನೈದು ವರ್ಷ ದಾಟಿದ ಖಾಸಗಿ ಕಾರಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು, ಗಾಡಿಯನ್ನು ಆರ್‌ಟಿಒಗೆ ಒಯ್ದು ತೋರಿಸಬೇಕು. 2022ರ ಏಪ್ರಿಲ್‌ನಲ್ಲಿ ಇದರ ಶುಲ್ಕ 600 ರೂಪಾಯಿಯಿಂದ 5000ಕ್ಕೆ ಏರಿತು, ತಡವಾದರೆ ತಿಂಗಳ ಲೆಕ್ಕದ ದಂಡ ಬೇರೆ. ಐವತ್ತು ವರ್ಷ ದಾಟಿದ್ದರೆ 2021ರ ನಿಯಮದಂತೆ ವಿಂಟೇಜ್ ಅಂತ ನೋಂದಾಯಿಸಬಹುದಿತ್ತು. ಡಾಲ್ಫಿನ್‌ಗೆ ಇನ್ನೂ ಅಷ್ಟು ವಯಸ್ಸಾಗಿಲ್ಲ. ಒಟ್ಟಿನಲ್ಲಿ ಮಳೆಗಾಲದ ಒಳಗೆ ಗಾಜು ಆಗಬೇಕು, ಇಲ್ಲವಾದರೆ ಗಾಡಿ ಅಂಗಳಕ್ಕೇ ಸೀಮಿತ. ಮಾವನ ಮಗ, ಅಂದರೆ ನನ್ನ ಭಾವ, ಗುಜರಿಗೆ ಕೊಡುವ ಮಾತೂ ಎತ್ತಿದ. ಗುಜರಿಯವ ಬಂದು ಬಾನೆಟ್ ತಟ್ಟಿ ನೋಡಿ, "ಮಾಸ್ಟ್ರೇ, ಇದರಲ್ಲಿ ಕಬ್ಬಿಣವೇ ಇಲ್ಲ, ಎಂತ ಕೊಡುವುದು ನಾನು?" ಅಂತ ಹೋದ. ಮಾವನಿಗೆ ಅಷ್ಟು ಸಂತೋಷ ಆದದ್ದನ್ನು ನಾನು ಇತ್ತೀಚೆಗೆ ನೋಡಿಲ್ಲ.

ಇನ್ಶೂರೆನ್ಸ್? ಮಾವನದ್ದು ಬರೀ ಥರ್ಡ್ ಪಾರ್ಟಿ, ಹಾಗಾಗಿ ಆ ಬಾಗಿಲು ಮುಚ್ಚಿತ್ತು. ನಿಮ್ಮದು ಸಮಗ್ರ ಪಾಲಿಸಿ ಆದರೆ ಲೆಕ್ಕ ಬೇರೆ. ಗಾಜಿನ ಭಾಗಕ್ಕೆ ಸವಕಳಿ ಕಡಿತ ಇಲ್ಲ, ಗಾಡಿ ಎಷ್ಟು ಹಳೆಯದಾದರೂ. ಅದರ ಜೊತೆ ಬದಲಿಸುವ ರಬ್ಬರ್, ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಕಡಿತ. ಆದರೆ ಸಣ್ಣ ಕಾರಿನ ಗಾಜಿಗಾಗಿ ಕ್ಲೇಮ್ ಮಾಡುವ ಮೊದಲು ನೋ ಕ್ಲೇಮ್ ಬೋನಸ್ ಎಷ್ಟುಂಟು ನೋಡಿಕೊಳ್ಳಿ. ಐದು ವರ್ಷ ಕ್ಲೇಮ್ ಇಲ್ಲದವರಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ 50% ರಿಯಾಯಿತಿ ಇರುತ್ತದೆ, ಬೋನಸ್ ರಕ್ಷಣೆಯ ಆಡ್-ಆನ್ ಇಲ್ಲದಿದ್ದರೆ ಒಂದು ಗಾಜಿಗೆ ಅದು ಹೋಗುತ್ತದೆ. ಕ್ಯಾಲ್ಕುಲೇಟರ್ ತೆಗೆದು ಎರಡು ನಿಮಿಷ ಕೂತರೆ ಯಾವುದು ಲಾಭ ಅಂತ ಗೊತ್ತಾಗುತ್ತದೆ.

ಈಗ ಗಾಜಿನ ವಿಷಯ. ಮಾವನ ಕಾರಿನಲ್ಲಿದ್ದದ್ದು ಟಫನ್ಡ್ ಗಾಜು. ಬಿಸಿ ಮಾಡಿ ಒಮ್ಮೆಲೇ ತಣಿಸಿ ಗಟ್ಟಿ ಮಾಡಿದ್ದು. ಒಡೆದರೆ ಒಟ್ಟಿಗೇ ಸಾವಿರ ಚೂರು. ಈಗಿನ ಕಾರುಗಳ ಎದುರಿನ ಗಾಜು ಲ್ಯಾಮಿನೇಟೆಡ್. ಎರಡು ಗಾಜಿನ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಹಾಳೆ, ಸಾಮಾನ್ಯವಾಗಿ 0.76 ಮಿಲಿಮೀಟರ್ ದಪ್ಪ. ಒಡೆದರೂ ಚೂರು ಹಾಳೆಗೆ ಅಂಟಿಕೊಂಡೇ ಇರುತ್ತದೆ. ಫ್ರಾನ್ಸಿನ ಎದುವಾರ್ ಬೆನೆಡಿಕ್ಟಸ್ 1903ರಲ್ಲಿ ಪ್ರಯೋಗಾಲಯದಲ್ಲಿ ಕೈಜಾರಿ ಬೀಳಿಸಿದ ಫ್ಲಾಸ್ಕ್ ಒಡೆದರೂ ಚೂರಾಗಲಿಲ್ಲವಂತೆ. ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟ್ ಪದರ ಅದನ್ನು ಹಿಡಿದಿಟ್ಟಿತ್ತು. 1909ರಲ್ಲಿ ಪೇಟೆಂಟ್ ಪಡೆದ. ಇಂದಿನ ವಿಂಡ್‌ಶೀಲ್ಡ್‌ನ ವಂಶ ಅಲ್ಲಿಂದ.

ನಮಗೆ ಬೇಕಾದದ್ದು ಲ್ಯಾಮಿನೇಟೆಡ್ ಗಾಜೇ. ಆದರೆ ಅಳತೆಗೆ ಹಳೆಯ ಗಾಜು ಇಲ್ಲ, ಅದು ಬಕೆಟ್‌ನಲ್ಲಿ ಪುಡಿಯಾಗಿ ಕೂತಿದೆ. ಪುತ್ತೂರಿನ ಗ್ಲಾಸ್ ಅಂಗಡಿಯವರು ಫೋಟೋ ನೋಡಿ, "ಅಣ್ಣ, ಇದು ಚಪ್ಪಟೆ ಅಲ್ಲ, ಬಾಗು ಉಂಟು. ಬಾಗು ಇಲ್ಲದಿದ್ದರೆ ನಾನೇ ಕತ್ತರಿಸಿ ಕೊಡ್ತಿದ್ದೆ. ನೀವು ಅಚ್ಚು ತನ್ನಿ, ಕೂರಿಸುವುದು ನನಗೆ ಬಿಡಿ" ಅಂದರು. ಮೂವತ್ತು ವರ್ಷದಿಂದ ಬಸ್ಸಿಗೆ, ಜೀಪಿಗೆ ಗಾಜು ಹಾಕಿದ ಕೈ ಅವರದ್ದು.

ಅಚ್ಚು ಎಲ್ಲಿಂದ? ಹಳೆ ಕಾರಿನವರ ವಾಟ್ಸಾಪ್ ಗುಂಪುಗಳಲ್ಲಿ ಹುಡುಕಿ ಹುಡುಕಿ ಮೈಸೂರಿನಲ್ಲಿ ಒಬ್ಬರು ಸಿಕ್ಕಿದರು. ಅವರ ಡಾಲ್ಫಿನ್ ಹತ್ತು ವರ್ಷದಿಂದ ಓಡಿಲ್ಲ, ಗಾಜು ಮಾತ್ರ ಇಡಿಯಾಗಿತ್ತು. ಗಾಜು ಕೊಡಲು ಅವರಿಗೆ ಮನಸ್ಸಿಲ್ಲ (ನ್ಯಾಯವೇ), ಅಚ್ಚು ತೆಗೆದುಕೊಳ್ಳಿ ಅಂದರು. ಸುಳ್ಯದಲ್ಲಿ ಮೆರವಣಿಗೆಗೆ ಫೈಬರ್ ಟ್ಯಾಬ್ಲೋ ಮಾಡುವವರೊಬ್ಬರನ್ನು ಕಾರಿನಲ್ಲಿ ಕೂರಿಸಿಕೊಂಡು ಸಂಪಾಜೆ, ಮಡಿಕೇರಿ ದಾರಿಯಲ್ಲಿ ಮೈಸೂರಿಗೆ ಹೋದೆವು. ಫೋನಿನ ಲೈಡಾರ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆಗದಾ ಅಂತ ಆಫೀಸಿನ ಗೆಳೆಯರು ಕೇಳಿದ್ದರು. ಗಾಜಿನ ಮೇಲೆ ಅದು ನಡೆಯುವುದಿಲ್ಲ, ಬೆಳಕು ಹಿಂದಿರುಗುವ ಬದಲು ಆಚೆ ದಾಟಿ ಹೋಗುತ್ತದೆ. ಟ್ಯಾಬ್ಲೋದವರು ಗಾಜಿಗೆ ಮೇಣ ಹಚ್ಚಿ, ಸುತ್ತ ಟೇಪ್ ಅಂಟಿಸಿ, ಮ್ಯಾಟ್ ಮತ್ತು ರೆಸಿನ್ ಮೂರು ಪದರ ಹಾಕಿದರು. ಮರುದಿನ ಬೆಳಿಗ್ಗೆ ಅಚ್ಚು ಬಾಳೆಲೆಯಿಂದ ಕಡುಬು ಬಿಟ್ಟ ಹಾಗೆ ಬಿಟ್ಟು ಬಂತು. ಮೈಸೂರಿನವರು ಅಷ್ಟು ಹೊತ್ತೂ ಪಕ್ಕದಲ್ಲೇ ನಿಂತಿದ್ದರು, ಕಾಫಿ ಕುಡಿಯಲಿಕ್ಕೂ ಒಳಗೆ ಹೋಗಲಿಲ್ಲ.

ಕಡಬಕ್ಕೆ ತಂದು ಚೌಕಟ್ಟಿಗೆ ಹಿಡಿದರೆ ಬಲಗಡೆ ಸರಿ, ಎಡಗಡೆ ಮೇಲಿನ ಮೂಲೆಯಲ್ಲಿ 6 ಮಿಲಿಮೀಟರ್ ವ್ಯತ್ಯಾಸ. ಫೈಬರ್ ಮೈಯನ್ನು ಅಚ್ಚಿನಲ್ಲಿ ಕೈಯಿಂದ ಪದರ ಪದರವಾಗಿ ಹಾಕಿ ಮಾಡುವುದು, ಒಂದು ಇನ್ನೊಂದರ ತದ್ರೂಪು ಆಗಬೇಕೆಂದಿಲ್ಲ. ಮೇಲಿಂದ ನಲವತ್ತು ವರ್ಷದ ಬಿಸಿಲು, ಮಳೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸೋರ್ಸ್ ಕೋಡ್ ಒಂದೇ, ಬಿಲ್ಡ್ ಬೇರೆ. ಕೊನೆಗೆ ಬಾಗು ಮೈಸೂರಿನ ಕಾರಿನದ್ದು, ಅಂಚಿನ ಗೆರೆ ಕಡಬದ ಕಾರಿನದ್ದು ಅಂತ ತೀರ್ಮಾನ ಆಯಿತು. ಮಾವ ಹಳೆಯ ಕ್ಯಾಲೆಂಡರ್‌ಗಳ ರಟ್ಟು ಜೋಡಿಸಿ, ಚೌಕಟ್ಟಿನ ಒಳಅಂಚನ್ನು ಪೆನ್ಸಿಲಿನಲ್ಲಿ ಎಳೆದು, ಕತ್ತರಿಸಿ, ಅಚ್ಚಿನ ಮೇಲೆ ಅಂಟಿಸಿದರು. ಜ್ಯಾಮಿತಿ ಕಲಿಸಿದ ಕೈ, ಗೆರೆ ಒಂದಿಷ್ಟೂ ನಡುಗಲಿಲ್ಲ.

ಬೆಂಗಳೂರಿನಲ್ಲಿ ಹಳೆಯ ಕಾರು, ಬಸ್ಸುಗಳಿಗೆ ಬಾಗಿದ ಗಾಜು ಮಾಡುವ ಸಣ್ಣ ವರ್ಕ್‌ಶಾಪ್‌ಗಳುಂಟು. ನನ್ನ ರೂಮಿನಿಂದ ಒಂದು ಗಂಟೆ ದಾರಿಯಲ್ಲಿ ಒಂದು ಸಿಕ್ಕಿತು, ಶನಿವಾರಗಳನ್ನು ಅಲ್ಲೇ ಕಳೆದೆ. ಕೆಲಸ ನೋಡಲಿಕ್ಕೇ ಚಂದ. ಎರಡು ಚಪ್ಪಟೆ ಗಾಜನ್ನು ಒಂದೇ ಆಕಾರಕ್ಕೆ ಕತ್ತರಿಸುತ್ತಾರೆ. ಒಂದಕ್ಕೊಂದು ಅಂಟದಂತೆ ನಡುವೆ ಪುಡಿ ಉದುರಿಸಿ, ಅಚ್ಚಿನ ಪ್ರಕಾರ ಬಗ್ಗಿಸಿದ ಉಕ್ಕಿನ ಚೌಕಟ್ಟಿನ ಮೇಲೆ ಜೋಡಿಯಾಗಿ ಮಲಗಿಸುತ್ತಾರೆ. ಕುಲುಮೆಯಲ್ಲಿ 600 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಗಾಜು ಮೆತ್ತಗಾಗಿ ತನ್ನ ಭಾರಕ್ಕೆ ತಾನೇ ಕುಸಿದು ಆ ಬಾಗು ಪಡೆಯುತ್ತದೆ. ಯಾರೂ ಒತ್ತುವುದಿಲ್ಲ. ಆಮೇಲೆ ನಿಧಾನವಾಗಿ ತಣಿಸಬೇಕು, ಅವಸರ ಮಾಡಿದರೆ ಒಳಗೆ ಒತ್ತಡ ಉಳಿದು ಒಂದು ದಿನ ಸುಮ್ಮನೆ ನಿಂತಲ್ಲೇ ಸೀಳುತ್ತದೆ. ತಣಿದ ಜೋಡಿಯ ನಡುವೆ ಪಿವಿಬಿ ಇಟ್ಟು, ಗಾಳಿ ತೆಗೆದು, ದೊಡ್ಡ ಪ್ರೆಶರ್ ಕುಕ್ಕರಿನಂಥ ಆಟೋಕ್ಲೇವ್‌ನಲ್ಲಿ ಬಿಸಿ ಮತ್ತು ಒತ್ತಡ ಕೊಟ್ಟಾಗ ಹಾಲಿನಂತೆ ಮಂಕಾಗಿದ್ದ ಹಾಳೆ ಪೂರ್ತಿ ಪಾರದರ್ಶಕ ಆಗುತ್ತದೆ. ಚೌಕಟ್ಟು ಬಗ್ಗಿಸುವುದೇ ಮುಖ್ಯ ಖರ್ಚು, ಹೇಗೂ ಮಾಡಿದ ಮೇಲೆ ಎರಡು ಗಾಜು ಮಾಡಿಸಿಕೊಳ್ಳಿ ಅಂದರು. ಎರಡಕ್ಕೆ 26,000 ರೂಪಾಯಿ ಆಯಿತು.

ಏಪ್ರಿಲ್ ಕೊನೆಯ ಭಾನುವಾರ ಪುತ್ತೂರಿನವರು ಆಲಂಕಾರು ದಾರಿಯಾಗಿ ಬಂದರು. ಅಂಗಳದ ಅರ್ಧದಲ್ಲಿ ಅಡಿಕೆ ಒಣಗುತ್ತಿತ್ತು, ಇನ್ನರ್ಧದಲ್ಲಿ ಡಾಲ್ಫಿನ್. ಈಗಿನ ಕಾರುಗಳಲ್ಲಿ ಗಾಜನ್ನು ಪಾಲಿಯುರೆಥೇನ್ ಅಂಟಿನಿಂದ ಬಾಡಿಗೆ ಹಿಡಿಸುತ್ತಾರೆ. ಗಾಜು ಬಾಡಿಯ ಬಲದ ಒಂದು ಭಾಗ, ಎಷ್ಟೋ ಕಾರುಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಗಾಜಿಗೇ ಆನಿಕೊಳ್ಳುತ್ತದೆ. ಹಾಗಾಗಿ ಅಂಟು ಒಣಗಲು ಇಷ್ಟು ಗಂಟೆ ಬೇಕು ಅಂತ ಹೇಳಿದರೆ 'ಅರ್ಜೆಂಟ್ ಉಂಟು' ಅಂತ ಗಾಡಿ ತೆಗೆದುಕೊಂಡು ಹೊರಡಬೇಡಿ. ಗಾಜಿನ ಹಿಂದೆ ಎಡಾಸ್ ಕ್ಯಾಮೆರಾ ಇದ್ದರೆ ಕ್ಯಾಲಿಬ್ರೇಷನ್ ಮಾಡಿಸಿ, ಅದರ ಬಿಲ್ ಕೇಳಿ ಪಡೆಯಿರಿ. ಡಾಲ್ಫಿನ್‌ನಲ್ಲಿ ಅಂಟೂ ಇಲ್ಲ, ಕ್ಯಾಮೆರಾವೂ ಇಲ್ಲ. ಸುತ್ತ ಒಂದು ರಬ್ಬರ್ ಪಟ್ಟಿ, ಅದರ ಒಂದು ಸೀಳಿನಲ್ಲಿ ಗಾಜು, ಇನ್ನೊಂದು ಸೀಳಿನಲ್ಲಿ ಬಾಡಿಯ ಅಂಚು. ಹಳೆ ರಬ್ಬರ್ ಒಣಗಿ ಚಕ್ಕುಲಿಯ ಹಾಗೆ ಮುರಿಯುತ್ತಿತ್ತು. ಬಸ್ ಬಾಡಿ ಕಟ್ಟುವವರಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಹೊಸ ರಬ್ಬರ್ ತಂದಿದ್ದೆವು.

ಗಾಜಿಗೆ ರಬ್ಬರ್ ತೊಡಿಸಿ, ಬಾಡಿ ಕೂರುವ ಸೀಳಿನ ಉದ್ದಕ್ಕೂ ನೈಲಾನ್ ಹಗ್ಗ ಇಟ್ಟು, ಸೋಪಿನ ನೀರು ಬಳಿದು, ಹೊರಗಿನಿಂದ ಒಬ್ಬರು ಅಂಗೈಯಲ್ಲಿ ಒತ್ತುವುದು, ಒಳಗಿನಿಂದ ಒಬ್ಬರು ಹಗ್ಗ ಎಳೆಯುವುದು. ಹಗ್ಗ ಬಿಡಿಸಿಕೊಂಡು ಬಂದ ಹಾಗೆ ರಬ್ಬರಿನ ತುಟಿ ಅಂಚಿನ ಮೇಲೆ ಮಗುಚಿ ಕೂರುತ್ತದೆ. ಕೆಳಗಿನ ಅಂಚು, ಬಲಗಡೆ, ಮೇಲೆ ಎಲ್ಲ ಸಲೀಸು. ಎಡ ಮೂಲೆಗೆ ಬಂದಾಗ ನಿಂತಿತು. ಭಾವ ಇನ್ನೊಂದು ಸಲ ಒತ್ತುವ ಅಂದ. ಪುತ್ತೂರಿನವರು ಕೈ ತೆಗೆದರು. "ಇಲ್ಲ ಅಣ್ಣ. ಈ ಗಾಜು ಬಾಗುವುದಿಲ್ಲ, ಸೀಳುವುದು ಮಾತ್ರ ಗೊತ್ತು ಇದಕ್ಕೆ."

ಮತ್ತೆ ಇಡೀ ಗಾಜು ಹೊರಗೆ. ಕಬ್ಬಿಣದ ಬಾಡಿ ಆಗಿದ್ದರೆ ಇಲ್ಲಿ ಟಿಂಕರಿಂಗ್, ವೆಲ್ಡಿಂಗ್ ಅಂತ ವಾರ ಹೋಗುತ್ತಿತ್ತು. ಫೈಬರ್ ಆದ್ದರಿಂದ ಸ್ಯಾಂಡ್ ಪೇಪರ್ ಸಾಕಾಯಿತು. ಆ ಮೂಲೆಯ ಅಂಚನ್ನು ಉಜ್ಜಿದ್ದು ಮಾವನೇ, ಬೇರೆ ಯಾರಿಗೂ ಕೊಡಲಿಲ್ಲ. ಉಜ್ಜುವುದು, ರಟ್ಟು ಹಿಡಿದು ನೋಡುವುದು, ಮತ್ತೆ ಉಜ್ಜುವುದು. ಮೂರು ಮಿಲಿಮೀಟರ್ ತೆಗೆಯಲು ಎರಡು ಗಂಟೆ. ಊಟ ಮೂರೂವರೆಗೆ ಆಯಿತು. ನಾಲ್ಕೂವರೆಗೆ ಎರಡನೇ ಸಲ ಹಗ್ಗ ಎಳೆದಾಗ ಎಡ ಮೂಲೆಯಲ್ಲಿ 'ಪುಸಕ್' ಅಂತ ಒಂದು ಸಣ್ಣ ಸದ್ದು, ಅಷ್ಟೇ. ಗಾಜು ಕೂತಿತ್ತು. ಪುತ್ತೂರಿನವರು ಪೈಪ್ ಹಿಡಿದು ಕಾಲು ಗಂಟೆ ನೀರು ಬಿಟ್ಟರು, ಮಾವ ಒಳಗೆ ಕೂತು ಡ್ಯಾಶ್‌ಬೋರ್ಡಿನ ಮೇಲೆ ಒಣ ಬಟ್ಟೆ ಹಾಸಿ ನೋಡಿದರು. ಒಂದು ಹನಿ ಇಲ್ಲ.

ಮೇ ಎರಡನೇ ವಾರ ಪುತ್ತೂರು ಆರ್‌ಟಿಒಗೆ ಶಾಂತಿಮೊಗರು ಸೇತುವೆ ದಾರಿಯಾಗಿ ಮಾವನೇ ಓಡಿಸಿಕೊಂಡು ಹೋದರು, ನಾನು ಪಕ್ಕದಲ್ಲಿ. ಇನ್ಸ್‌ಪೆಕ್ಟರ್ ಚಾಸಿಸ್ ನಂಬರ್ ನೋಡಿದರು, ಲೈಟ್, ಹಾರ್ನ್ ನೋಡಿದರು, ವೈಪರ್ ಹಾಕಿಸಿ ನೋಡಿದರು. ಗಾಜನ್ನು ಬೆರಳಿನಿಂದ ತಟ್ಟಿ, "ಇದು ಎಲ್ಲಿ ಸಿಕ್ಕಿತು ಮಾಸ್ಟ್ರೇ?" ಅಂತ ಕೇಳಿದರು. ಮಾವ ಮಂಗನಿಂದ ಶುರು ಮಾಡಿದರು. ಹಿಂದೆ ಕ್ಯೂ ಇದ್ದದ್ದರಿಂದ ಮೈಸೂರಿನವರೆಗೆ ಮಾತ್ರ ಮುಟ್ಟಿತು. ನೋಂದಣಿ ಐದು ವರ್ಷಕ್ಕೆ ನವೀಕರಣ ಆಗಿದೆ.

ಅಚ್ಚಿಗೆ 4000, ರಬ್ಬರ್‌ಗೆ 1800, ಕೂರಿಸಿದ್ದಕ್ಕೆ 2500, ಗಾಜಿನ ಹಣ ಮೇಲೆ ಹೇಳಿದ್ದೇನೆ. ಓಡಾಟ, ಪೆಟ್ರೋಲ್ ಮಾವ ಲೆಕ್ಕ ಹಾಕಲು ಬಿಡಲಿಲ್ಲ. ಎರಡನೇ ಗಾಜು ಅಟ್ಟದಲ್ಲಿದೆ, ಗೋಣಿ ಸುತ್ತಿ, ಅಡಿಕೆ ಹಾಳೆ ಕೊಟ್ಟು, ನೆಟ್ಟಗೆ ನಿಲ್ಲಿಸಿಟ್ಟಿದ್ದೇವೆ (ಗಾಜನ್ನು ಅಡ್ಡ ಮಲಗಿಸಿಡಬಾರದು). ಪಕ್ಕದಲ್ಲೇ ಅಚ್ಚೂ ಉಂಟು. ಡಾಲ್ಫಿನ್ ಇಟ್ಟುಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ ಕೆಳಗೆ ಬರೆಯಿರಿ. ಗಾಜು ಕೊಡುವುದಿಲ್ಲ, ಅಚ್ಚು ತೆಗೆದುಕೊಂಡು ಹೋಗಬಹುದು ಅಂತ ಮಾವ ಹೇಳಿದ್ದಾರೆ.