ಅಂದೇ ಮುಟ್ಟುವ ಬುತ್ತಿ

ಮದುವೆಯ ಮನೆಗೆ ನಾನೂರು ಮಂದಿ ನೆಂಟರು ಬಂದಿರುವರೆನ್ನೋಣ. ಚಾವಡಿಯಲ್ಲಿ ನೂರು ಎಲೆಗಳಿಗೆ ಮಾತ್ರ ಸ್ಥಳವಿದೆ. ಆಗ ಬಡಿಸುವವರನ್ನು ಹೆಚ್ಚಿಸಿದರೆ ಫಲವೇನು? ವಿವೇಕಿಯಾದ ಯಜಮಾನನು ಪಂಕ್ತಿಗಳನ್ನು ಗೊತ್ತುಮಾಡಿ, ಒಂದು ಪಂಕ್ತಿ ಎದ್ದೊಡನೆ ಎಲೆ ತೆಗೆಯಿಸಿ ಮತ್ತೊಂದನ್ನು ಕೂರಿಸುವನು. ಮಹಾನಗರಗಳಲ್ಲಿ ಬೆಳಿಗ್ಗೆ ಕೊಟ್ಟ ಪಾರ್ಸಲನ್ನು ಅಂದೇ ಮುಟ್ಟಿಸುವ ಕಾರ್ಯದ ಮರ್ಮವೂ ಇದೇ. ನಾನಾ ಕಡೆಗಳಿಂದ ಬಂದ ಪಾರ್ಸಲುಗಳನ್ನು ಒಂದೆಡೆ ಸೇರಿಸಿ, ಬೀದಿವಾರಾಗಿ ವಿಂಗಡಿಸಬೇಕಷ್ಟೆ. ಆ ವಿಂಗಡಣೆಯ ಸ್ಥಳವು ಎಷ್ಟನ್ನು ತಡೆಯಬಲ್ಲುದೋ ಇಡೀ ಏರ್ಪಾಡಿನ ಶಕ್ತಿಯೂ ಅಷ್ಟೇ.

ಇದಕ್ಕೆ ಉತ್ತಮ ನಿದರ್ಶನವೆಂದರೆ ಮುಂಬಯಿಯ ಡಬ್ಬಾವಾಲಾಗಳು. ಮನೆಯ ಅಡಿಗೆಯನ್ನು ಮಧ್ಯಾಹ್ನದ ಹೊತ್ತಿಗೆ ಕಚೇರಿಗೆ ಒಯ್ದು, ಬರಿದಾದ ಡಬ್ಬಿಯನ್ನು ಅಂದೇ ಮನೆಗೆ ಮರಳಿಸುವುದು ಇವರ ವೃತ್ತಿ. 1890ರಲ್ಲಿ ಇದನ್ನು ಆರಂಭಿಸಿದವರು ಮಹಾದೇವ ಹಾವಜಿ ಬಚ್ಚೆ. 2020ರ ಕೊರೋನಾ ವ್ಯಾಧಿಗೆ ಮುಂಚೆ ಸುಮಾರು 5000 ಮಂದಿ ದಿನವಹಿ ಸುಮಾರು 2 ಲಕ್ಷ ಡಬ್ಬಿಗಳನ್ನು ಸಾಗಿಸುತ್ತಿದ್ದರು. ಇಷ್ಟಾದರೂ ಅವರಿಗೆ ದೊಡ್ಡ ಉಗ್ರಾಣವೊಂದಿರಲಿಲ್ಲ. ಸ್ಟೇಷನ್ನಿನ ಬಳಿಯ ಕಾಲುದಾರಿ ಮತ್ತು ಲೋಕಲ್ ರೈಲಿನ ಸಾಮಾನಿನ ಬೋಗಿ, ಇವೇ ಅವರ ಆಸ್ತಿ.

ಈ ಇಕ್ಕಟ್ಟನ್ನು ಅವರು ಗೆದ್ದುದು ಮೂರು ಉಪಾಯಗಳಿಂದ. ಮೊದಲನೆಯದು ಗುರುತು: ಹತ್ತಿಸುವ ಸ್ಟೇಷನ್, ಇಳಿಸುವ ಸ್ಟೇಷನ್, ಕಟ್ಟಡ, ಮಹಡಿ ಇವೆಲ್ಲವೂ ಮುಚ್ಚಳದ ಮೇಲೆ ಬಣ್ಣದ ಅಕ್ಷರ ಮತ್ತು ಅಂಕಿಗಳಲ್ಲಿರುತ್ತವೆ. ನೋಡಿದೊಡನೆ ವಿಂಗಡಣೆಯಾಗುವುದರಿಂದ ಸ್ಥಳವು ಬೇಗನೆ ತೆರವಾಗುತ್ತದೆ. ಎರಡನೆಯದು ಹಂಚಿಕೆ: ಹತ್ತಿಸುವಲ್ಲಿ ಒಮ್ಮೆ, ಇಳಿಸಿದಲ್ಲಿ ಮತ್ತೊಮ್ಮೆ ವಿಂಗಡಿಸುವುದರಿಂದ ಎಲ್ಲ ಭಾರವೂ ಒಂದೇ ಎಡೆಗೆ ಬೀಳದು. ಮೂರನೆಯದು ಮಿತಿ: ಒಬ್ಬನ ಪಾಲಿಗೆ ಮೂವತ್ತು ನಲವತ್ತು ಡಬ್ಬಿಗಳು ಮಾತ್ರ. ರೈಲು ಯಾರಿಗೂ ಕಾಯದು. ಆದುದರಿಂದ ಗೃಹಿಣಿಯೂ ಹೊತ್ತಿಗೆ ಸರಿಯಾಗಿ ಬುತ್ತಿ ಕಟ್ಟಿಡಬೇಕು.

ಇಂದಿನ ಸಾಗಣೆ ಸಂಸ್ಥೆಗಳು ಇದನ್ನೇ ಗಣಿತದಿಂದ ಸಾಧಿಸಲು ಯತ್ನಿಸುತ್ತಿವೆ. ಯಾವ ಗಾಡಿ ಯಾವ ವೇಳೆಗೆ ಉಗ್ರಾಣಕ್ಕೆ ಬರಬೇಕು? ಸಮೀಪದ ಪಾರ್ಸಲನ್ನು ಅಲ್ಲಿಗೆ ಒಯ್ಯದೆ ನೇರವಾಗಿ ಕಳುಹಬಹುದೆ? ಎಷ್ಟು ಗಂಟೆಯ ಮೇಲೆ ಬಂದುದನ್ನು ಮರುದಿನಕ್ಕೆ ನಿಲ್ಲಿಸಬೇಕು? ಈ ಲೆಕ್ಕ ತಪ್ಪಿದರೆ ದಂಡ ತೆರುವವರಾರು? ಉಗ್ರಾಣದಲ್ಲಿ ಕಳೆದುಹೋದ ಅರ್ಧ ಗಂಟೆಯನ್ನು ಬೀದಿಯಲ್ಲಿ ಗಳಿಸಬೇಕಾದವನು ಮೋಟಾರು ಸೈಕಲ್ಲನ್ನೇರಿದ ಬಡ ತರುಣ. ಅವನ ಆತುರದಲ್ಲಿ ಪ್ರಾಣಭಯವಿದೆ.

ಆದಕಾರಣ, "ಇಷ್ಟು ಗಂಟೆಯೊಳಗೆ ತಿಳಿಸಿದರೆ ಇಂದು, ತಪ್ಪಿದರೆ ನಾಳೆ" ಎನ್ನುವ ವರ್ತಕನ ಮೇಲೆ ಗೃಹಸ್ಥರು ಮುನಿಯಲಾಗದು. ಅವನು ತನ್ನ ಶಕ್ತಿಯನ್ನರಿತು ನುಡಿಯುತ್ತಿದ್ದಾನೆ. ಔಷಧದಂತಹ ತುರ್ತಿನ ವಸ್ತುವಲ್ಲದಿದ್ದರೆ, ಒಂದು ದಿನ ಕಾಯುವುದರಿಂದ ನಮ್ಮ ಮನೆಗೆ ಬರುವ ನಷ್ಟವಾದರೂ ಏನು?