ನೋವಿನ ಮಾತ್ರೆಯೂ ಟಾನಿಕ್ಕೂ

ಕ್ಯಾನ್ಸರ್ ನೋವು ಬಲು ಕೆಟ್ಟದ್ದು. ನೋವು ತೀರಾ ಜಾಸ್ತಿಯಾದರೆ ಡಾಕ್ಟರು ಮಾರ್ಫಿನ್ ಮಾತ್ರೆ ಕೊಡುತ್ತಾರೆ. ಇದು ಅಫೀಮಿನಿಂದ ತಯಾರಾಗುವ ಔಷಧಿ.

ದಿನ ಕಳೆದಂತೆ ಮೈ ಈ ಮಾತ್ರೆಗೆ ಒಗ್ಗಿಕೊಳ್ಳಬಹುದು. ಆಗ ಮೊದಲಿನಷ್ಟು ಮಾತ್ರೆ ಸಾಲದು. ಇದು ಚಟ ಅಲ್ಲ. ರೋಗ ಬೆಳೆದರೂ ನೋವು ಹೆಚ್ಚುತ್ತದೆ. ಕಾರಣ ಯಾವುದು ಅಂತ ಡಾಕ್ಟರೇ ನೋಡಿ ಹೇಳಬೇಕು.

ಟಾನಿಕ್ಕು, ಶಕ್ತಿ ಗುಳಿಗೆ ತಗೊಂಡರೆ ಮೈ ಒಗ್ಗೋದಿಲ್ಲವೇ? ಮೆಗ್ನೀಸಿಯಂ ಕೊಟ್ಟು ಇಲಿಗಳ ಮೇಲೆ ಪ್ರಯೋಗ ಮಾಡಿದ್ದಾರೆ. ಸ್ವಲ್ಪ ಗುಣ ಕಂಡಿದೆ. ಮನುಷ್ಯರಲ್ಲಿ ಮಾತ್ರ ಇದು ರುಜುವಾತಾಗಿಲ್ಲ.

ಟಾನಿಕ್ಕು ನಂಬಿ ಮಾರ್ಫಿನ್ ನಿಲ್ಲಿಸಬೇಡಿ. ತಟ್ಟನೆ ನಿಲ್ಲಿಸಿದರೆ ಬೆವರು, ನಡುಕ, ಭೇದಿ ಶುರುವಾಗಬಹುದು. ನೀವಾಗಿಯೇ ಹೆಚ್ಚಿಸಲೂಬೇಡಿ. ಅತಿಯಾದರೆ ಉಸಿರೇ ನಿಂತೀತು.

ಟಾನಿಕ್ಕು, ಚೂರ್ಣ, ಗುಳಿಗೆ ಏನೇ ತಗೊಂಡರೂ ಡಾಕ್ಟರಿಗೆ ಹೇಳಿ. ಸಂಕೋಚ ಬೇಡ.